ಕೋಟಿನ ಬೆನ್ನು ನುಂಗಿದ ಲ್ಯಾಪ್‌ಟಾಪ್ ಮಹಾಶಯರಿಗೆ

ಮಾನ್ಯರೇ,

ಹೊಲಿಗೆ ಮೇಜಿನ ಎಡತುದಿಯಲ್ಲಿ, ಗುಂಡಿಗಳ ಡಬ್ಬಿಗೂ ಇಸ್ತ್ರಿಪೆಟ್ಟಿಗೆಗೂ ನಡುವೆ ವಿರಾಜಮಾನರಾಗಿರುವ ತಮ್ಮ ಸನ್ನಿಧಾನಕ್ಕೆ, ಅದೇ ಮೇಜಿನ ಬಲತುದಿಯಲ್ಲಿ ಕೂತು ಹೊಟ್ಟೆಪಾಡು ನೋಡಿಕೊಳ್ಳುವ ದರ್ಜಿಯಾದ ನಾನು ಮಾಡುವ ಅನಂತ ನಮಸ್ಕಾರಗಳು. ತಾವು ಕ್ಷೇಮವಾಗಿಲ್ಲವೆಂಬುದು ಇಡೀ ಬೀದಿಗೆ ಗೊತ್ತಾಗಿರುವುದರಿಂದ ಕ್ಷೇಮಸಮಾಚಾರ ಕೇಳುವ ಅಧಿಕಪ್ರಸಂಗ ಮಾಡುವುದಿಲ್ಲ. ಈ ಅಹವಾಲನ್ನು ಖಾಸಗಿಯಾಗಿಯೇ ಸಲ್ಲಿಸಬಹುದಿತ್ತು. ಆದರೆ ತಮ್ಮ ಹತ್ತಿರ ಬಾಯಿಟ್ಟು ಕೇಳಿಕೊಂಡದ್ದು, ಗೋಗರೆದದ್ದು, ಒಂದೆರಡು ಸಲ ಮನಸಾರೆ ಬೈದದ್ದು ಯಾವುದೂ ತಮಗೆ ತಲುಪಿದ ಲಕ್ಷಣ ಕಾಣದ ಕಾರಣ, ನಾಲ್ಕು ಜನರೆದುರೇ ಬರೆಯುತ್ತಿದ್ದೇನೆ. ನನ್ನ ಬೇಡಿಕೆ ದೊಡ್ಡದೇನಲ್ಲ. ನನಗೆ ಒಂದು ಬೆನ್ನು ವಾಪಸು ಬೇಕು.

ನನ್ನ ಕಸುಬು ತಮಗೆ ತಿಳಿಯದ್ದಲ್ಲ. ಅಂಗಡಿಯಲ್ಲಿ ನೇತುಹಾಕಿದ ಬಟ್ಟೆ ಯಾರ ಮೈಗೆ ಕೂರುವುದಿಲ್ಲವೋ ಅವರೇ ನನ್ನ ಗಿರಾಕಿಗಳು: ಒಂದು ತೋಳು ಗಿಡ್ಡವಿರುವವರು, ಗಾಲಿಕುರ್ಚಿಯಲ್ಲಿ ದಿನ ಕಳೆಯುವವರು, ಒಂದು ಹೆಗಲು ಮೇಲೆ ಒಂದು ಕೆಳಗೆ ಇರುವವರು. ಒಬ್ಬೊಬ್ಬರಿಗೂ ಖಾಕಿ ಕಾಗದದಲ್ಲಿ ಮಾದರಿ ಕತ್ತರಿಸಿ ಗೋಡೆಯ ಮೊಳೆಗೆ ಸಿಕ್ಕಿಸಿ ಹೇಗೋ ಕಾಲ ಹಾಕುತ್ತಿದ್ದೆ. ಶಾಲೆಯಲ್ಲಿ ಭೂಗೋಳ ಕಲಿಸುವ ನಮ್ಮ ಯಜಮಾನರು ಆ ಕಾಗದಗಳನ್ನು ನೋಡಿ ನೋಡಿ ಬೇಸತ್ತು, "ಇಷ್ಟೂ ಒಂದೇ ಪೆಟ್ಟಿಗೇಲಿ ಕೂತ್ಕೊಳತ್ತೆ ಕಣೇ" ಎಂದು ತಮ್ಮನ್ನು ಮನೆ ತುಂಬಿಸಿಕೊಂಡರು. ಪ್ರತಿ ಮಾದರಿಯ ಪಕ್ಕದಲ್ಲೂ ಅಳತೆಪಟ್ಟಿ ಹಾಸಿ, ಫೋಟೊ ತೆಗೆದು, ತಮ್ಮ ಉದರಕ್ಕೆ ಸೇರಿಸಿ, ಕಾಗದವನ್ನು ರದ್ದಿಗೆ ಹಾಕುವುದು ಅವರ ರಜಾದಿನದ ಕೆಲಸವಾಯಿತು. ಗೋಡೆ ಖಾಲಿಯಾದ ಮೇಲೆ ಅಲ್ಲೊಂದು ಭೂಪಟ ಅಂಟಿಸಿದರು. ಅದರಲ್ಲಿ ನನ್ನ ಗಿರಾಕಿಗಳ ಅಳತೆ ಯಾವ ಮೂಲೆಯಲ್ಲೂ ಇಲ್ಲ.

ನಾನು ಕೇಳುತ್ತಿರುವ ಬೆನ್ನು ನಮ್ಮ ಬೀದಿಯ ಕೊನೆಯ ಮನೆಯ ಹುಡುಗಿಯದು. ಈಗಷ್ಟೇ ವಕೀಲಿಕೆ ಮುಗಿಸಿದ್ದಾಳೆ. ನಾವೆಲ್ಲ ಆಗಲೇ ವಕೀಲಮ್ಮ ಎನ್ನುತ್ತೇವೆ. ಚಿಕ್ಕಂದಿನಿಂದಲೂ ಅವಳ ಬೆನ್ನುಮೂಳೆ ಒಂದು ಕಡೆಗೆ ಬಾಗಿಕೊಂಡಿದೆ. ಕೊಂಡು ತಂದ ಕರಿ ಕೋಟು ಒಂದು ಕಡೆ ಉಬ್ಬಿ, ಇನ್ನೊಂದು ಕಡೆ ಜೋತುಬಿದ್ದು, ಬೇರೆ ಯಾರದೋ ಕೋಟನ್ನು ಕದ್ದು ತಂದವಳಂತೆ ಕಾಣಿಸುತ್ತದೆಂದು ಅವಳೇ ಹೇಳಿ ನಕ್ಕಿದ್ದಳು. ಆದರೆ ಅಳತೆಗೆ ನಿಂತಾಗ ನಗಲಿಲ್ಲ. ಆಸ್ಪತ್ರೆಗಳಲ್ಲಿ ಅಳೆಸಿಕೊಂಡು ಅಳೆಸಿಕೊಂಡು ಅವಳಿಗೆ ಪಟ್ಟಿ ಕಂಡರೇ ಆಗದು. "ಇದೊಂದೇ ಸಲ ಅಕ್ಕ, ಇನ್ನೊಂದ್ಸಲ ನನ್ ಕೈಲಾಗಲ್ಲ" ಎಂದು ಕಣ್ಣು ಮುಚ್ಚಿ, ಹಲ್ಲು ಕಚ್ಚಿ ನಿಂತಳು. ನಾನು ಅಳೆದೆ, ಕಾಗದ ಕತ್ತರಿಸಿ ಅಳತೆಗಳನ್ನೂ ಅದರ ಮೇಲೇ ಬರೆದೆ. ಯಜಮಾನರು ಫೋಟೊ ತೆಗೆದರು, ತಾವು ಸ್ವೀಕರಿಸಿದಿರಿ, ಕಾಗದ ರದ್ದಿಗೆ ಹೋಯಿತು. ಕರಿ ಬಟ್ಟೆಗೆ ನೀರು ತೋರಿಸಿ, ಇಸ್ತ್ರಿ ಮಾಡಿ, ಕತ್ತರಿ ಹಿಡಿದು ಕೂರುವ ಹೊತ್ತಿಗೆ ಸರಿಯಾಗಿ ತಾವು ಏಳುವುದನ್ನು ನಿಲ್ಲಿಸಿದಿರಿ.

ತಮ್ಮ ಅನಾರೋಗ್ಯಕ್ಕೆ ಕಾರಣವನ್ನು ನಾವು ಮುಚ್ಚಿಡುವುದಿಲ್ಲ. ನಮ್ಮ ಮಾವನವರು ವಿದ್ಯುತ್ ಇಲಾಖೆಯಲ್ಲಿ ಕಂಬ ಹತ್ತಿ ನಿವೃತ್ತರಾದವರು. ಹಾಕಿಟ್ಟ ಸ್ವಿಚ್ಚೆಂದರೆ ಹೊತ್ತಿಕೊಳ್ಳಲು ಕಾದಿರುವ ಬೆಂಕಿ ಎಂದೇ ನಂಬಿದವರು. ಯಾವ ಕೋಣೆಯಿಂದ ಹೊರಬಿದ್ದರೂ ಗೋಡೆಯ ಸ್ವಿಚ್ಚುಗಳನ್ನೆಲ್ಲ ಒಂದೇ ಅಂಗೈಯಲ್ಲಿ ಸವರಿ ಆರಿಸಿಬಿಡುತ್ತಾರೆ. ತಮ್ಮ ಬ್ಯಾಟರಿಯೋ ಎಂದೋ ಕಣ್ಣುಮುಚ್ಚಿ, ಗೋಡೆಯ ಕರೆಂಟಿನ ಮೇಲೆಯೇ ತಾವು ಉಸಿರಾಡುತ್ತಿದ್ದಿರಿ. ತಾವು ಏನನ್ನೋ ಬರೆದಿಟ್ಟುಕೊಳ್ಳುತ್ತಿರುವಾಗ ಪದೇ ಪದೇ ಹೀಗೆ ಕುತ್ತಿಗೆ ಹಿಸುಕಿಸಿಕೊಂಡರೆ ಡಿಸ್ಕ್ ಕೆಡದೆ ಇನ್ನೇನಾದೀತು ಎಂದು ರಿಪೇರಿಯವರು ಕೇಳಿದಾಗ ಮಾವನವರು, "ನಾನೇನ್ ಮಾಡ್ದೆ? ಸ್ವಿಚ್ ಆರ್ಸ್ದೆ ಅಷ್ಟೆ. ಫ್ಯಾನೂ ಆರ್ಸ್ತೀನಿ, ಅದೇನ್ ಸತ್ತೋಗತ್ತಾ?" ಎಂದರು. ಈ ಪ್ರಶ್ನೆಗೆ ತಾವೇ ಉತ್ತರಿಸುವುದು ಉಚಿತ. ಫ್ಯಾನಿಗಿಂತ ತಾವು ಎಷ್ಟೋ ಮೇಲೆಂದು ಹೇಳಿಯೇ ಯಜಮಾನರು ತಮ್ಮನ್ನು ಈ ಮನೆಗೆ ತಂದಿದ್ದರು.

ತಮ್ಮನ್ನು ಎಬ್ಬಿಸಲು ನಾವು ಪಟ್ಟ ಪಾಡನ್ನು ತಾವೇ ಕಣ್ಣಾರೆ ಕಂಡಿದ್ದೀರಿ. ಗುಂಡಿ ಒತ್ತಿದರೆ ಒಳಗೆ ಗಾಳಿ ತಿರುಗುವ ಸದ್ದು. ಆಮೇಲೆ ಕಂಪನಿಯ ಮುದ್ರೆ. ಆಮೇಲೆ ಒಂದರ ಹಿಂದೊಂದು ಸುತ್ತುವ ಪುಟ್ಟ ಚುಕ್ಕಿಗಳು. ಆ ಚುಕ್ಕಿಗಳನ್ನು ನೋಡುತ್ತ ನಾನು ಎರಡು ಅಂಗಿಗೆ ಕಾಜ ಹಾಕಿ ಮುಗಿಸಿದೆ. ಕೊನೆಗೆ ತಾವು ದುರಸ್ತಿಗೆ ಸಿದ್ಧರಾಗುತ್ತಿದ್ದೀರೆಂದು ಪ್ರಕಟಿಸಿದಿರಿ, ರೋಗ ಪತ್ತೆ ಮಾಡುತ್ತಿದ್ದೀರೆಂದಿರಿ, ದುರಸ್ತಿ ಮಾಡಿಕೊಳ್ಳಲು ಆಗಲಿಲ್ಲವೆಂದಿರಿ, ಮತ್ತೆ ಮೊದಲಿನಿಂದ ಸಿದ್ಧರಾಗತೊಡಗಿದಿರಿ. ತಮ್ಮ ಕಾಯಿಲೆಯನ್ನು ತಾವೇ ನೋಡಿ, ತಾವೇ ಕೈಚೆಲ್ಲಿ, ಮತ್ತೆ ತಾವೇ ನೋಡುವ ಈ ಸ್ವಾವಲಂಬನೆಯನ್ನು ಎಷ್ಟು ಹೊಗಳಿದರೂ ಸಾಲದು. ನಡುನಡುವೆ ನೀಲಿ ಪರದೆಯ ಮೇಲೆ ಅಡ್ಡ ಮಲಗಿದ ಒಂದು ಅಳುಮುಖವನ್ನೂ ತೋರಿಸಿದಿರಿ. ಅಳಬೇಕಾದವಳು ನಾನು, ಆ ಕೆಲಸವನ್ನೂ ತಾವೇ ವಹಿಸಿಕೊಂಡ ಔದಾರ್ಯಕ್ಕೆ ಋಣಿ. ಮುಂದಿನ ಸಲ ಅಳುವಾಗ ದಯಮಾಡಿ ನೆಟ್ಟಗೆ ಕೂತು ಅಳಬೇಕೆಂದು ಕೋರುತ್ತೇನೆ, ಕತ್ತು ವಾಲಿಸಿ ನೋಡಿ ನನಗೆ ಕತ್ತು ಹಿಡಿದುಕೊಂಡಿದೆ.

ಇಷ್ಟರಲ್ಲೂ ಯಜಮಾನರು ಒಂದಿಷ್ಟೂ ಅಳುಕಲಿಲ್ಲ. "ಗಾಬರಿ ಆಗ್ಬೇಡ, ವಾರವಾರ ಎಲ್ಲಾನೂ ಇನ್ನೊಂದು ಕಡೆ ಕಾಪಿ ಇಟ್ಟಿದೀನಿ" ಎಂದು ಚಹಾ ಕುಡಿಯುತ್ತ ಕಾಲು ಅಲ್ಲಾಡಿಸುತ್ತಿದ್ದರು. ನನಗೂ ಜೀವ ಬಂತು. ಆ ಇನ್ನೊಂದು ಕಡೆ ಯಾವುದು ಎಂದು ರಿಪೇರಿಯವರು ಕೇಳಿದರು. ಸಿ ಎಂಬುದರಲ್ಲಿ ಇರುವುದನ್ನೆಲ್ಲ ಡಿ ಎಂಬುದರಲ್ಲಿ ಇಟ್ಟಿದ್ದೇನೆ ಎಂದು ಯಜಮಾನರು ಪಾಠ ಒಪ್ಪಿಸಿದರು. ರಿಪೇರಿಯವರು ಸ್ವಲ್ಪ ಹೊತ್ತು ತಲೆ ಕೆರೆದುಕೊಂಡು, ಸಿ ಮತ್ತು ಡಿ ಎರಡೂ ತಮ್ಮ ಒಂದೇ ಡಿಸ್ಕಿನ ಎರಡು ಭಾಗಗಳೆಂದೂ, ಡಿಸ್ಕ್ ಕೆಟ್ಟರೆ ಎರಡೂ ಕೈಹಿಡಿದುಕೊಂಡೇ ಹೋಗುತ್ತವೆಂದೂ ತಿಳಿಸಿದರು. ತೊಟ್ಟ ಬಟ್ಟೆ ನೆನೆದರೆ ಬೇಕಾಗುತ್ತದೆಂದು ಇನ್ನೊಂದು ಜೊತೆಯನ್ನು ಅದರೊಳಗೇ ತೊಟ್ಟುಕೊಂಡು ನೀರಿಗಿಳಿದ ಹಾಗಾಗಿತ್ತು ನಮ್ಮ ಮುಂಜಾಗ್ರತೆ. ಯಜಮಾನರ ಕಾಲು ಅಲ್ಲಾಡುವುದು ನಿಂತಿತು. ಎರಡು ದಿನ ಅವರು ಭೂಪಟದ ಕಡೆಗೇ ಮುಖ ಮಾಡಿ ಊಟ ಮಾಡಿದರು.

ತರುವಾಯ ರಿಪೇರಿಯವರು ತಮ್ಮನ್ನು ಬೋರಲು ಮಲಗಿಸಿ, ತಿರುಪು ಬಿಚ್ಚಿ, ಡಿಸ್ಕನ್ನು ಹೊರತೆಗೆದು ತಂತಿ ಸಿಕ್ಕಿಸಿ ತಮ್ಮ ಜಾತಿಯವರೇ ಆದ ಇನ್ನೊಬ್ಬರಿಗೆ ಜೋಡಿಸಿದರು. ಆಗ ತಾವು ಆಡಿಸಿದ ಮಾತನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ: ಈ ಡಿಸ್ಕನ್ನು ಬಳಸಬೇಕಾದರೆ ಮೊದಲು ಇದರಲ್ಲಿರುವುದನ್ನೆಲ್ಲ ಅಳಿಸಬೇಕು, ಅಳಿಸಲೇ? ಎಂಥ ವಿನಯ, ಎಂಥ ಸೌಜನ್ಯ! ಮನೆ ಸುಡುವವನು ಬಾಗಿಲು ತಟ್ಟಿ ಅಪ್ಪಣೆ ಕೇಳಿದಂತಿತ್ತು. "ಹೂಂ ಅಂದ್ರೆ ಎಲ್ಲಾ ಹೋಗತ್ತೆ ಮೇಡಂ, ಉಹೂಂ ಅಂದ್ರೆ ಏನೂ ಬರಲ್ಲ" ಎಂದು ರಿಪೇರಿಯವರು ವಿವರಿಸಿದರು. ನಾವು ಉಹೂಂ ಎಂದೆವು. ಅವರು ಬೇರೊಂದು ಉಪಾಯದಿಂದ ತಮ್ಮ ಹೊಟ್ಟೆಯಲ್ಲಿದ್ದುದನ್ನು ಚೂರುಚೂರಾಗಿ ಕಕ್ಕಿಸಿದರು.

ಬಂದದ್ದೇನು, ಮಹಾಶಯರೇ? ಯಜಮಾನರು ಮಕ್ಕಳಿಗಾಗಿ ಮಾಡಿದ ಮಣ್ಣಿನ ಸವಕಳಿಯ ಪಾಠ ಚಿತ್ರಸಮೇತ ಬಂತು, ಅದೂ ಮೂರು ಪ್ರತಿ. ಮಾವನವರ ಬೀಳ್ಕೊಡುಗೆ ಸಮಾರಂಭದ ಭಾಷಣ, ನಡುವೆ ಅವರು ಕೆಮ್ಮಿದ್ದೂ ಬಿಡದಂತೆ ಬಂತು. ಕೋಟಿನ ಎಡತೋಳು ಬಂತು, ಬಲತೋಳು ಬಂತು, ಕಾಲರು ಬಂತು, ಮುಂಭಾಗ ಎರಡೂ ಬಂದವು. ಬೆನ್ನು ಮಾತ್ರ ಕತ್ತಿನಿಂದ ಒಂದು ಗೇಣು ಕೆಳಗಿನವರೆಗೆ ಚೆನ್ನಾಗಿ ತೆರೆದುಕೊಂಡು, ಅಲ್ಲಿಂದ ಕೆಳಕ್ಕೆ ಬರೀ ಬೂದು ಬಣ್ಣ. ಬಾಗು ಶುರುವಾಗುವುದೇ ಆ ಒಂದು ಗೇಣಿನ ಕೆಳಗೆ. ಅದಿಲ್ಲದೆ ನಾನು ಹೊಲಿದರೆ ಅಂಗಡಿಯವರ ಕೋಟಿಗೂ ನನ್ನ ಕೋಟಿಗೂ ವ್ಯತ್ಯಾಸವೇ ಇರುವುದಿಲ್ಲ. ಆವತ್ತು ನನಗೆ ತಮ್ಮ ಮೇಲೆ ಬಂದ ಕೋಪ ತಮಾಷೆಯದಾಗಿರಲಿಲ್ಲ.

ಊಹೆಯ ಮೇಲೆ ಕತ್ತರಿಸೋಣವೆಂದು ಬಟ್ಟೆ ಹರಡಿದೆ, ಸೀಮೆಸುಣ್ಣ ಹಿಡಿದೆ, ಕೈ ಬರಲಿಲ್ಲ. ಕೊನೆಗೆ ಹುಡುಗಿಗೆ ಫೋನು ಮಾಡಿ, ತಮ್ಮ ಘನಕಾರ್ಯವನ್ನು ತಡವರಿಸುತ್ತ ವಿವರಿಸಿದೆ. ಪೂರ್ತಿ ಕೇಳಿ ಫೋನು ಇಟ್ಟುಬಿಟ್ಟಳು. ಅವಳು ಬರುವುದಿಲ್ಲವೆಂದೇ ನಾನು ತಿಳಿದುಕೊಂಡೆ. ಸಂಜೆ ಬಂದಳು. ಬಂದವಳು ನನ್ನ ಕಡೆ ನೋಡದೆ, ಮೇಜಿನ ಮೇಲೆ ಬೆನ್ನು ಬಿಚ್ಚಿಸಿಕೊಂಡು ಮಲಗಿದ್ದ ತಮ್ಮನ್ನೇ ನೋಡುತ್ತ ನಿಂತಳು. ನಾನು ತಮ್ಮ ಮೇಲಿನ ಆರೋಪಗಳನ್ನೆಲ್ಲ ಒಂದೇ ಉಸಿರಿಗೆ ಒಪ್ಪಿಸಿದ ಮೇಲೆ, "ಎದುರು ಪಾರ್ಟಿಗೆ ವಕೀಲರೇ ಇಲ್ವಲ್ಲ ಅಕ್ಕ, ಪಾಪ. ನಾನೇ ನಿಲ್ತೀನಿ" ಎಂದಳು. ನಿಂತೇ ನಿಂತಳು. ಪಕ್ಕದ ಕೋಣೆಯಿಂದ ಮಾವನವರು, ಸಾಕ್ಷಿಗೆ ನಾನು ಬರಬೇಕೇ ಎಂದು ಕೂಗಿ ಕೇಳಿದರು. ಸ್ವಿಚ್ಚು ಆರಿಸಿದ ಆರೋಪಿಯೇ ಸಾಕ್ಷಿ ಹೇಳುವಂತಿಲ್ಲವೆಂದು ಅವಳು ನಿಂತಲ್ಲಿಂದಲೇ ತಳ್ಳಿಹಾಕಿದಳು. ಅವಳ ವಾದ ನಡೆಯುತ್ತಿರುವಾಗಲೇ ನಾನು ಮೆಲ್ಲಗೆ ಪಟ್ಟಿ ತೆಗೆದುಕೊಂಡೆ. ಅವಳು ನೋಡಿದಳು, ಮಾತು ನಿಲ್ಲಿಸಲಿಲ್ಲ, ತಿರುಗಿ ಬೆನ್ನು ಕೊಟ್ಟಳು.

"ನನ್ನ ಕಕ್ಷಿದಾರರು ಒಂದಿನ ಸರಿಯಾಗಿ ಏಳ್ಲಿಲ್ಲ ಅಂತ ಮನೆಮಂದಿಯೆಲ್ಲ ಸುತ್ತ ನಿಂತ್ಕೊಂಡ್ರು. ಬೋರಲು ಮಲಗಿಸಿದ್ರು. ಬೆನ್ನು ಬಿಚ್ಚಿ ಬೆಳಕಿಗೆ ಹಿಡಿದ್ರು. ಇದಕ್ಕೇನಾಗಿದೆ, ಇದಕ್ಕೇನಾಗಿದೆ ಅಂತ ಎಲ್ಲರೂ ಕೇಳಿದ್ರು. ನೋವಾಯ್ತಾ ಅಂತ ಒಬ್ರಾದ್ರೂ ಕೇಳಿದ್ರಾ?" ಎಂದಳು. ನನ್ನ ಬಾಯಲ್ಲಿ ಗುಂಡುಪಿನ್ನುಗಳಿದ್ದವು. ಪಿನ್ನುಗಳನ್ನು ಒಂದೊಂದಾಗಿ ತೆಗೆದು, ನೋವಾಗುತ್ತಿದೆಯೇ ಎಂದು ಕೇಳಿದೆ. "ಪಟ್ಟಿ ತಣ್ಣಗಿದೆ, ಅಷ್ಟೆ. ಬರ್ಕೊಳಿ" ಎಂದಳು. ಬರೆದುಕೊಂಡೆ.

ಹೀಗಾಗಿ ವಾದಿಯಾದ ನಾನು ಕೇಸು ಸೋತಿದ್ದೇನೆ. ತಮಗೆ ನೋವಾಗಿದ್ದರೆ ಕ್ಷಮೆ ಇರಲಿ. ಆದರೂ ಸೋತವರಿಗೆ ಸಲ್ಲಬೇಕಾದ ಸಣ್ಣಪುಟ್ಟ ಸವಲತ್ತುಗಳನ್ನು ಕೇಳುವುದರಲ್ಲಿ ತಪ್ಪಿಲ್ಲವೆಂದು ಭಾವಿಸುತ್ತೇನೆ. ಇನ್ನು ಮುಂದೆ ಕೆಡುವ ಮನಸ್ಸಾದಾಗ ದಯವಿಟ್ಟು ಹದಿನೈದು ದಿನ ಮುಂಚಿತವಾಗಿ ಬಾಯಿಬಿಟ್ಟು ತಿಳಿಸಬೇಕು; ಆ ಚುಕ್ಕಿಗಳು ಸುತ್ತಿ ಸುತ್ತಿ ಎಲ್ಲಿಗೆ ಹೋಗುತ್ತಿವೆಯೆಂದು ಒಮ್ಮೆಯಾದರೂ ಹೇಳಬೇಕು; ಮತ್ತು ಮಣ್ಣಿನ ಸವಕಳಿಯನ್ನು ಕಾಪಾಡಿದ ಅದೇ ಪ್ರೀತಿಯಲ್ಲಿ ಕಾಲು ಭಾಗವನ್ನು ನನ್ನ ಗಿರಾಕಿಗಳ ಕಡೆಗೂ ತಿರುಗಿಸಬೇಕು. ಮಾವನವರ ಅಂಗೈ ಸ್ವಿಚ್ಚಿನ ಹತ್ತಿರ ಬಂದಾಗ ಓಡಿಹೋಗಲು ತಮಗೆ ಕಾಲುಗಳಿಲ್ಲವೆಂಬುದು ನನಗೆ ಗೊತ್ತು. ಪ್ರಯತ್ನವನ್ನಾದರೂ ಮಾಡಬೇಕೆಂದು ಪ್ರಾರ್ಥನೆ.

ಇಷ್ಟೆಲ್ಲ ಆದ ಮೇಲೂ, ಬೇರೆ ದಾರಿ ಕಾಣದೆ,

ತಮ್ಮ ವಿಶ್ವಾಸಿ,
ಅಳತೆಪಟ್ಟಿಯವಳು

ತಾ.ಕ.: ಕೋಟಿನ ಕೆಲಸವಿದ್ದುದರಿಂದ ಈ ಪತ್ರ ಮುಗಿಸುವುದು ತಡವಾಯಿತು. ವಕೀಲಮ್ಮ ಕೋಟು ತೊಟ್ಟು ಕೋರ್ಟಿಗೆ ಹೋಗಿ ಬಂದಳು. ಹಿಂದಿನ ಬೆಂಚಿನಲ್ಲಿ ಕೂತವರು ಅವಳ ಮಾತು ಕೇಳುತ್ತಿದ್ದರಂತೆ, ಕೋಟನ್ನು ಯಾರೂ ನೋಡಲಿಲ್ಲವಂತೆ. ನಾನು ಹೊಲಿದ ಬಟ್ಟೆಗೆ ಇಂಥ ಮರ್ಯಾದೆ ಹಿಂದೆಂದೂ ಸಿಕ್ಕಿರಲಿಲ್ಲ. ತಮಗೆ ಹೊಸ ಡಿಸ್ಕ್ ಹಾಕಿಸಿ ಹುರುಪಿನಲ್ಲಿರುವ ಯಜಮಾನರು ಅವಳ ಬೆನ್ನಿನ ಮಾದರಿಯ ಫೋಟೊ ತೆಗೆದು ತಮಗೆ ಕೊಡಲೇ ಎಂದು ಕೇಳಿದರು. ನಾನು ಅವಳನ್ನೇ ಕೇಳಿದೆ. "ಬೇಡ ಅಕ್ಕ. ಮುಂದಿನ ಕೋಟಿಗೆ ನಾನೇ ಬಂದು ನಿಲ್ತೀನಿ" ಎಂದಳು. ಆದ್ದರಿಂದ ಈ ವಿಷಯದಲ್ಲಿ ತಾವು ಏನನ್ನೂ ನೆನಪಿಟ್ಟುಕೊಳ್ಳುವ ತೊಂದರೆ ತೆಗೆದುಕೊಳ್ಳಬೇಕಾಗಿಲ್ಲ.