ಕೌದಿಯೊಳಗಿನ ಕಾವಲುಗಾರ

ಚಿಕ್ಕೋಡಿಯ ನಮ್ಮ ಓಣಿಯಲ್ಲಿ ನಿಂತ ಗಾಡಿಗಳಿಂದ ಸಾಮಾನು ಕಳುವಾಗದಂತೆ ನೋಡಿಕೊಳ್ಳುವ ಜವಾಬ್ದಾರಿಯನ್ನು ನನಗೆ ಯಾರೂ ಕೊಟ್ಟಿರಲಿಲ್ಲ. ನಾನೇ ತೆಗೆದುಕೊಂಡೆ. ನನ್ನಂಥವನಿಗೆ ಅದೇನು ದೊಡ್ಡ ಕೆಲಸ!

ಹಿಂದಿನ ಓಣಿಯಲ್ಲಿ ಹಾಡಹಗಲೇ ಒಂದು ಜೀಪಿನ ಸ್ಟೆಪ್ನಿ ಹೋಗಿತ್ತು. ಇನ್ನೊಬ್ಬರ ಗಾಡಿಯ ಗಾಜು ಒಡೆದು, ಸೀಟಿನ ಮೇಲಿದ್ದ ಚೀಲ ಒಯ್ದಿದ್ದರು. ಅಂದು ಸಂಜೆಯೇ ನಾನು ಓಣಿಯವರನ್ನೆಲ್ಲ ನಮ್ಮ ಕಟ್ಟೆಗೆ ಕರೆದು ಭಾಷಣ ಮಾಡಿದೆ. ನಿಲ್ಲಿಸಿದ ಗಾಡಿಯಲ್ಲಿ ಕಣ್ಣಿಗೆ ಬೀಳುವಂತೆ ಏನನ್ನೂ ಇಡಬಾರದು. ಗಾಜು ಪೂರ್ತಿ ಏರಿಸಬೇಕು. ಲಾಕ್ ಮಾಡಿದ ಮೇಲೂ ಒಮ್ಮೆ ಹಿಡಿಕೆ ಎಳೆದು ನೋಡಬೇಕು. ಎಲ್ಲರಿಗೂ ಮಾದರಿಯಾಗಲೆಂದು ನಿಪ್ಪಾಣಿಗೆ ಹೋಗಿ ನನ್ನ ಗಾಡಿಗೆ ಸೈರನ್ ಕೂಡಿಸಿಕೊಂಡು ಬಂದೆ. ಕೀಲಿ ಇಲ್ಲದೆ ಬಾಗಿಲು ತೆಗೆದರೆ ಅದು ಎಂಥಾ ಬೊಬ್ಬೆ ಹೊಡೆಯುತ್ತಿತ್ತೆಂದರೆ, ಕಟ್ಟಿದ ಎಮ್ಮೆಗಳು ಗೂಟ ಕಿತ್ತುಕೊಂಡು ಓಡಬೇಕು!

ಇಷ್ಟೆಲ್ಲ ಆದ ಮೇಲೆ ಕಳ್ಳ ಬಂದದ್ದು ನನ್ನ ಗಾಡಿಗೇ.

ಮೊದಲು ಹಿಂದಿನ ಸೀಟಿನ ದಿಂಬು ಮಾಯವಾಯಿತು. ಆಮೇಲೆ ನನ್ನ ಕರಿ ಕನ್ನಡಕ. ಗಾಜು ಒಡೆದಿಲ್ಲ, ಸೈರನ್ ಕೂಗಿಲ್ಲ. ಒಂದು ಸಂಜೆ ಗಾಡಿಯಲ್ಲಿ ಕೂತರೆ ಮೊಣಕಾಲು ಸ್ಟೇರಿಂಗಿಗೆ ಬಡಿಯಿತು. ಸೀಟನ್ನು ಯಾರೋ ಮುಂದೆ ಸರಿಸಿದ್ದರು. ಕನ್ನಡಿಯಲ್ಲಿ ಹಿಂದಿನ ರಸ್ತೆ ಕಾಣುವ ಬದಲು ನನ್ನ ಹೊಟ್ಟೆ ಕಂಡಿತು.

ನೆಟ್ಟಗೆ ಅಡುಗೆಮನೆಗೆ ಹೋಗಿ ಹೆಂಡತಿಗೆ ಗಂಭೀರವಾಗಿ ವರದಿ ಒಪ್ಪಿಸಿದೆ. "ಸುವರ್ಣಾ, ಕಳ್ಳ ಗಿಡ್ಡ ಇದ್ದಾನ."

ಹಿಟ್ಟು ನಾದುತ್ತಿದ್ದ ಅವಳು ತಲೆ ಎತ್ತಲಿಲ್ಲ. "ಎಷ್ಟು ಗಿಡ್ಡ್ರಿ?"

"ಹೆಚ್ಚು ಕಡಿಮಿ ನಿನ್ನಷ್ಟ."

"ಅಯ್ಯ ನಮ್ಮವ್ವ!" ಎಂದಳು.

ಇದೆಲ್ಲ ನಡೆಯುತ್ತಿದ್ದದ್ದು ನಾನು ಮಧ್ಯಾಹ್ನ ಮಾಳಿಗೆಯ ಮೇಲೆ ಮಲಗುವ ಹೊತ್ತಿನಲ್ಲಿ. ನನ್ನದು ಪಾತ್ರೆ ಅಂಗಡಿ. ಮುಂಜಾನೆಯಿಂದ ಕೊಳಗ, ತಾಟುಗಳ ಸದ್ದು ಕೇಳಿದ ಕಿವಿಗೆ ಆ ನಿದ್ದೆ ಬೇಕೇ ಬೇಕು. ಆದರೂ ಓಣಿಯ ಹಿತಕ್ಕಾಗಿ ಅದನ್ನು ತ್ಯಾಗ ಮಾಡಿ, ಗಾಡಿಯೊಳಗೇ ಅಡಗಿ, ಕಳ್ಳನನ್ನು ಕೈಯಾರೆ ಹಿಡಿಯಲು ನಿರ್ಧರಿಸಿದೆ.

ಅಡಗುವ ಜಾಗ ತಾನಾಗಿಯೇ ಸಿಕ್ಕಿತ್ತು. ಅಂಕಲಿಯಲ್ಲಿರುವ ತನ್ನ ಅಕ್ಕನಿಗೆ ಕೊಡಬೇಕೆಂದು ಸುವರ್ಣಾ ಹಳೆಯ ಸೀರೆಗಳಿಂದ ಹೊಲಿದ ಕೌದಿಗಳನ್ನು ಹಿಂದಿನ ಸೀಟಿನ ಮೇಲೆ ಒಟ್ಟಿದ್ದಳು. "ಕೌದಿ ಯಾವ ಕಳ್ಳ ಒಯ್ತಾನ್ರಿ?" ಎಂದು ನನ್ನ ಬಾಯಿಯನ್ನೂ ಮುಚ್ಚಿಸಿದ್ದಳು. ನಾನು ಗಾಡಿಯ ಲಾಕ್ ತೆಗೆದಿಟ್ಟು, ಯಾರಿಗೂ ಸಂಶಯ ಬಾರದಂತೆ ಕೀಲಿಯನ್ನು ಮತ್ತೆ ಮೊಳೆಗೆ ತೂಗುಹಾಕಿ, ಫೋನನ್ನು ಮನೆಯಲ್ಲೇ ಬಿಟ್ಟು, ಹಿತ್ತಲಿನಿಂದ ಬಂದು ಕೌದಿಗಳ ಕೆಳಗೆ ನುಸುಳಿದೆ. ಒಳಗಿನಿಂದಲೂ ಲಾಕ್ ಮಾಡಲಿಲ್ಲ. ಕಳ್ಳನಿಗೆ ತೊಂದರೆ ಆಗಬಾರದಲ್ಲ!

ಚಳಿಗಾಲದ ಮಧ್ಯಾಹ್ನ. ಬಿಸಿಲು ಗಾಜಿನಿಂದ ಇಳಿದು ಕೌದಿಯೊಳಗೆ ಸೋಸಿ ಬರುತ್ತಿತ್ತು. ಒಂದು ಕಡೆ ಹಸಿರು ಬೆಳಕು, ಇನ್ನೊಂದು ಕಡೆ ಕುಂಕುಮದ ಬೆಳಕು. ಹಸಿರು ಯಾವ ಸೀರೆ? ಮದುವೆಯಾದ ಹೊಸತರಲ್ಲಿ ಉಟ್ಟದ್ದೇ? ಕುಂಕುಮದ್ದು ಯಾವಾಗಿನದು? ಕಳ್ಳನನ್ನು ಮರೆತು ಸೀರೆಗಳನ್ನು ಗುರುತಿಸುತ್ತ ಮಲಗಿದೆ. ಕಣ್ಣು ತುಂಬಿ ಬಂದವು. ನಿದ್ದೆಯಿಂದ!

ಕನಸಿನಲ್ಲಿ ನಾನು ಕೃಷ್ಣಾ ನದಿಯ ಮೇಲೆ ದೋಣಿಯಲ್ಲಿ ತೇಲುತ್ತಿದ್ದೆ. ನೀರು ಹಾಲಿನ ಹಾಗೆ ಸುಮ್ಮನಿತ್ತು. ಆಗ ದೋಣಿ ಗೇರ್ ಬದಲಿಸಿತು.

ಕಣ್ಣು ಬಿಟ್ಟೆ. ಗಾಡಿ ಓಡುತ್ತಿತ್ತು! ನನ್ನ ಗಾಡಿಯನ್ನು ನನ್ನ ಸಮೇತ ಕದ್ದಿದ್ದರು! ಕೂಗಬೇಕೆಂದು ಬಾಯಿ ತೆರೆದೆ.

"ಕ್ಲಚ್ ಸಾವಕಾಶ ಬಿಡ, ಸುವರ್ಣಾ. ಹಾಂ, ಹಂಗ," ಎಂದಿತು ಒಂದು ದನಿ.

ಬಾಯಿ ಮುಚ್ಚಿಕೊಂಡೆ. ಅದು ಎದುರುಮನೆಯ ಬೆಲ್ಲದ ವ್ಯಾಪಾರಿಯ ಹೆಂಡತಿ ಪದ್ಮಕ್ಕನ ದನಿ. ಓಣಿಯಲ್ಲಿ ಗಾಡಿ ಹೊಡೆಯುವ ಏಕೈಕ ಹೆಂಗಸು. ಕೌದಿಯ ಅಂಚನ್ನು ಬೆರಳಷ್ಟು ಎತ್ತಿ ನೋಡಿದೆ. ಸ್ಟೇರಿಂಗ್ ಹಿಡಿದು, ನನ್ನ ದಿಂಬಿನ ಮೇಲೆ ಕೂತು, ನನ್ನ ಕರಿ ಕನ್ನಡಕ ಹಾಕಿಕೊಂಡು, ನನ್ನ ಹೆಂಡತಿ!

ಅವಳಿಗೆ ಒಮ್ಮೆ ನಾನೇ ಗಾಡಿ ಕಲಿಸಲು ಹೋಗಿದ್ದೆ. ಓಣಿಯ ತಿರುವು ಬರುವಷ್ಟರಲ್ಲಿ ನಾನು ಎಷ್ಟು ಚೀರಿದ್ದೆನೆಂದರೆ ಅವಳು ಗಾಡಿ ಅಲ್ಲೇ ನಿಲ್ಲಿಸಿ, ಇಳಿದು, ನಡೆದೇ ಮನೆಗೆ ಹೋಗಿದ್ದಳು. "ಆಕಿಗೆ ಇದು ಬರೂದಿಲ್ಲ ಬಿಡ್ರಿ," ಎಂದು ನಾನು ಊರಿಗೆಲ್ಲ ಹೇಳಿಕೊಂಡು ತಿರುಗಿದ್ದೆ.

"ನಿಮ್ಮನ್ಯಾರಿಗೆ ಯಾವಾಗ ಹೇಳ್ತಿ?" ಎಂದಳು ಪದ್ಮಕ್ಕ.

"ಇವತ್ತ ಅಕ್ಕನ ಮನಿ ತನಕ ಹೊಡಕೊಂಡ ಹೋಗಿ ಬಂದ್ರ, ಸಂಜಿಕ ಹೇಳತೀನಿ. ಈಗ ಹೇಳಿದ್ರ ಬಾಜೂಕ ಕುಂತು ಮತ್ತ ಚೀರತಾರ. ಅವ್ರಿಲ್ಲಂದ್ರ ಗಾಡಿ ಎಷ್ಟು ಸುಮ್ಮ ಹೊಂಟೈತಿ ನೋಡ್ರಿ."

ಏಳಬೇಕೆಂದುಕೊಂಡೆ. ಆದರೆ ಹಿಂದಿನ ಸೀಟಿನಿಂದ ಒಮ್ಮೆಲೇ ಗಂಡ ಎದ್ದರೆ ಗಾಡಿ ಕಬ್ಬಿನ ಹೊಲಕ್ಕೆ ನುಗ್ಗುವುದು ಖಾತ್ರಿ. ಸುಮ್ಮನೆ ಮಲಗಿದೆ. ಸ್ವಲ್ಪ ಹೊತ್ತಿಗೆ ಅವಳು ಮೆಲ್ಲಗೆ ಗುನುಗತೊಡಗಿದಳು. ನನ್ನ ಪಕ್ಕದ ಸೀಟಿನಲ್ಲಿ ಕೂತು ಅವಳು ಗುನುಗಿದ್ದು ನನಗೆ ನೆನಪಿಲ್ಲ. ನಾನು ಮಾತು ನಿಲ್ಲಿಸಿದ್ದರೆ ತಾನೇ! ಎಲ್ಲಿಂದಲೋ ಬೆಲ್ಲ ಕಾಯಿಸುವ ಬಿಸಿ ಸಿಹಿ ವಾಸನೆ ಬಂತು. ಗಾಡಿ ತೊಟ್ಟಿಲಿನಂತೆ ತೂಗುತ್ತಿತ್ತು. ಹಸಿರು ಬೆಳಕು, ಕುಂಕುಮದ ಬೆಳಕು, ಅವಳ ಗುನುಗು. ಮತ್ತೆ ದೋಣಿ ಹತ್ತಿದೆ.

ಎಚ್ಚರವಾದಾಗ ಅಂಕಲಿ ಬಂದಿತ್ತು.

"ಅಕ್ಕನ ಓಣ್ಯಾಗ ಕಬ್ಬಿನ ಟ್ರ್ಯಾಕ್ಟರ್ ನಿಂತೈತ್ರಿ. ಇಲ್ಲೇ ಯಾರದರೆ ಮನಿ ಮುಂದ ನಿಂದರಸತೀನಿ. ಕೌದಿ ಆಮ್ಯಾಲ ಒಯ್ದ್ರಾತು," ಎಂದಳು ಸುವರ್ಣಾ. ಇಬ್ಬರೂ ಇಳಿದರು. ಲಾಕ್ ಆಯಿತು. ಹಿಡಿಕೆ ಎಳೆದು ನೋಡಿದ ಸದ್ದೂ ಕೇಳಿತು.

ಅವರು ಮರೆಯಾದ ಮೇಲೆ, ಹಗುರಾಗಿ ಇಳಿದು, ಬಸ್ಸು ಹಿಡಿದು, ಅವರಿಗಿಂತ ಮೊದಲೇ ಮನೆಗೆ ಹೋಗಿ ಮಾಳಿಗೆಯ ಮೇಲೆ ಮಲಗಿಬಿಡುವುದೆಂದು ಯೋಚಿಸಿದೆ. ಬಹಳ ಒಳ್ಳೆಯ ಯೋಜನೆ. ಒಳಗಿನಿಂದ ಬಾಗಿಲು ತೆಗೆದೆ.

ಸೈರನ್!

ಗಾಬರಿಯಲ್ಲಿ ಹೊರಗೆ ಜಿಗಿದರೆ ಕೌದಿಯ ದಾರ ಅಂಗಿಯ ಗುಂಡಿಗೆ ಸಿಕ್ಕಿ, ಒಂದು ಕೌದಿ ನನ್ನ ಬೆನ್ನು ಹತ್ತಿ ಬಂತು. ಮನೆಮನೆಯಿಂದ ಮಂದಿ ಓಡಿ ಬಂದರು. ಕಟ್ಟೆಯ ಮೇಲಿದ್ದ ಒಬ್ಬ ಅಜ್ಜಿ ಮರಾಠಿಯಲ್ಲಿ, "ಚೋರ ಆಹೇ ರೇ, ಪಕಡಾ!" ಎಂದು ಕೂಗಿದಳು. ರುಮಾಲಿನ ಅಜ್ಜ ಒಬ್ಬ, "ಸಿಕ್ಕ ಕಳ್ಳ!" ಎಂದು ನನ್ನ ರಟ್ಟೆ ಹಿಡಿದ.

"ಇದು ನನ್ನ ಗಾಡಿರಿ!" ಎಂದೆ.

"ಕೀಲಿ ತೋರಸು."

"ಕೀಲಿ ಹೆಂಡ್ತಿ ಕಡೆ ಐತ್ರಿ."

"ಹೆಂಡ್ತಿಗೆ ಫೋನ್ ಹಚ್ಚು."

"ಫೋನ್ ಮನ್ಯಾಗ ಐತ್ರಿ. ಮತ್ತ, ನಾ ಬಂದದ್ದು ಆಕಿಗೆ ಗೊತ್ತಿಲ್ಲರಿ."

ಗುಂಪಿನಲ್ಲಿ ಕಸಬರಿಗೆ ಹಿಡಿದಿದ್ದ ಒಬ್ಬ ಹೆಂಗಸು ಅದನ್ನು ಇನ್ನಷ್ಟು ಬಿಗಿಯಾಗಿ ಹಿಡಿದಳು.

ಅಷ್ಟರಲ್ಲಿ ಸೈರನ್ ಕೇಳಿ ಸುವರ್ಣಾ, ಪದ್ಮಕ್ಕ ಏದುಸಿರು ಬಿಡುತ್ತ ಬಂದರು. "ಬಾಯಾರ, ನಿಮ್ಮ ಗಾಡ್ಯಾಗ ಕಳ್ಳ ಸಿಕ್ಕಾನ್ರಿ!" ಎಂದ ಅಜ್ಜ. "ನಿಮ್ಮ ಗಂಡ ಅದೀನಿ ಅಂತ ಬ್ಯಾರೆ ಹೇಳಾಕತ್ತಾನ್ರಿ!"

ಅವಳು ಕರಿ ಕನ್ನಡಕ ತೆಗೆದು ನನ್ನನ್ನು ನೋಡಿದಳು. ಕೌದಿಯನ್ನು ನೋಡಿದಳು. ಸೈರನ್ ಬಂದ್ ಮಾಡಿದಳು. ಆ ನಿಶ್ಶಬ್ದದಲ್ಲಿ ನನ್ನ ಸಂಸಾರವೆಲ್ಲ ತೂಗಾಡಿತು.

"ಬಿಡ್ರಿ ಅಜ್ಜಾರ. ಖರೇನ ನಮ್ಮನ್ಯಾರು," ಎಂದಳು. ಗುಂಪಿಗೆ ಬಹಳ ನಿರಾಸೆಯಾಯಿತು.

ಪದ್ಮಕ್ಕ ಸೆರಗು ಬಾಯಿಗೆ ಹಿಡಿದು ಆಚೆ ತಿರುಗಿ ನಿಂತಳು. ಅವಳ ಭುಜ ಕುಣಿಯುತ್ತಿತ್ತು.

ಸುವರ್ಣಾ ಹತ್ತಿರ ಬಂದು, ಗುಂಡಿಗೆ ಸಿಕ್ಕ ದಾರ ಬಿಡಿಸುತ್ತ ಕೇಳಿದಳು. "ಮನಿಯಿಂದನ ಒಳಗ ಇದ್ದ್ರೇನ್ರಿ?"

"ಹೂಂ."

ಬೈಗುಳಕ್ಕೆ ತಯಾರಾಗಿ ಕಣ್ಣು ಮುಚ್ಚಿದೆ.

"ಮತ್ತ, ಹೆಂಗ ಹೊಡದೆ?"

ಸುಳ್ಳು ಹೊಳೆಯಲಿಲ್ಲ. "ನಿದ್ದಿ ಹತ್ತಿತ್ತು," ಎಂದೆ.

ಅವಳ ಮುಖ ಮೊದಲು ಕೆಂಪಾಯಿತು. ಆಮೇಲೆ ಮೆಲ್ಲಗೆ ಅರಳಿತು. ಯಾರ ಗಾಡಿಯಲ್ಲಿ ಕೂತರೂ ಇಲ್ಲದ ಬ್ರೇಕನ್ನು ಕಾಲಿನಿಂದ ಒತ್ತುತ್ತ ಜೀವ ಹಿಡಿದು ಕೂಡುವವನು ನಾನು. ನನಗೆ ನಿದ್ದೆ ಹತ್ತಿತ್ತೆಂದರೆ ಅದಕ್ಕಿಂತ ದೊಡ್ಡ ಸರ್ಟಿಫಿಕೇಟು ಬೇರೆ ಇಲ್ಲ. ಅದು ನನಗಿಂತ ಮೊದಲು ಅವಳಿಗೆ ತಿಳಿಯಿತು. ಗುಂಪಿನ ನಡುವೆಯೇ ನಕ್ಕುಬಿಟ್ಟಳು.

ಈಗ ಭಾನುವಾರ ಬಂದರೆ ನಾವಿಬ್ಬರೂ ಮಂಗಸೂಳಿಯ ಗುಡಿಗೆ ಹೋಗುತ್ತೇವೆ. ಹೊಡೆಯುವವಳು ಅವಳು. ಹೋದ ವಾರ ಅವಳು ಗುಡಿಯೊಳಗೆ ಹೋಗಿದ್ದಳು. ನಾನು ಗಾಜು ಇಳಿಸಿ, ಎಲ್ಲರಿಗೂ ಮುಖ ಕಾಣುವಂತೆ ಗಾಡಿಯಲ್ಲಿ ಕೂತಿದ್ದೆ. ಕಾಯಿ ಮಾರುವವನೊಬ್ಬ ಬಂದು ಬಾಗಿಲು ತಟ್ಟಿದ.

"ಡ್ರೈವರ್, ಗಾಡಿ ಒಂಚೂರು ಹಿಂದಕ ತಗೀಪಾ."

"ನಾ ಡ್ರೈವರ್ ಅಲ್ಲಪಾ. ಡ್ರೈವರ್ ಗುಡಿಗೆ ಹೋಗ್ಯಾರ."

ಅವನು ನನ್ನನ್ನು ಮೇಲಿನಿಂದ ಕೆಳಗೆ ನೋಡಿದ. "ಮತ್ತ ನೀವು ಯಾರ್ರಿ?"

ಬಹಳ ಹೊತ್ತು ವಿಚಾರ ಮಾಡಿ ಹೇಳಿದೆ. "ಅವ್ರ ಜೋಡಿ ಬಂದೀನಿ."