ಮೂರು ಮೀನಿನ ಅಂಗಡಿಯ ಮುದ್ರಕರು

ಸಾವಿರದ ಆರುನೂರ ನಲವತ್ತನೇ ಇಸವಿಗಿಂತ ಮೊದಲು ಇಂಗ್ಲೆಂಡಿನಲ್ಲಿ ಅಚ್ಚಾದ ಯಾವ ಪುಸ್ತಕವೂ ಬರುವ ಮಾರ್ಚ್ ಮೂವತ್ತೊಂದರ ನಂತರ ಮುದ್ರಕರ ಹೆಸರಿಲ್ಲದೆ ಇರತಕ್ಕದ್ದಲ್ಲ ಎಂದು ಲಂಡನ್ನಿನ ಪ್ರಾಚೀನ ಮುದ್ರಣ ಕರ್ತೃತ್ವ ನಿರ್ಣಯ ಮಂಡಳಿಯು ಸರ್ವಾನುಮತದಿಂದ ತೀರ್ಮಾನಿಸಿತು. ಪುಸ್ತಕಗಳ ಅಭಿಪ್ರಾಯವನ್ನು ಕೇಳಲಿಲ್ಲ.

ಕೆಲಸ ಭರದಿಂದ ಸಾಗಿತು. ನಮೂನೆಯ ಚೌಕದೊಳಗೆ ಸಲೀಸಾಗಿ ಹಿಡಿಸುವ ಹೆಸರು ಎಂಬ ಕಾರಣಕ್ಕೆ ಜಾನ್ ಆಶ್ ಎಂಬ ಹಳೆಯ ಮುದ್ರಕನ ಪಾಲಿಗೆ ಆರುನೂರು ಪುಸ್ತಕಗಳು ಬಂದವು. ಅವುಗಳಲ್ಲಿ ಅರ್ಧದಷ್ಟನ್ನು ಅವನು ಸತ್ತ ಮೇಲೆ ಮುದ್ರಿಸಿದ್ದ. ಸತ್ತ ಮೇಲೆ ಅವನ ಕೈ ಚುರುಕಾಗಿತ್ತೆಂದು ವಾರ್ಷಿಕ ವರದಿ ಮೆಚ್ಚುಗೆ ಸೂಚಿಸಿತು.

ಪ್ರತಿ ಪುಸ್ತಕಕ್ಕೂ ಮುದ್ರಕರ ಹೆಸರಿನ ಚೀಟಿ ಬರೆಯುವ, ಮಂಡಳಿಯ ಹಿರಿಯ ಸೂಚಿಗಾರ್ತಿ ಮಾವಿಸ್ ಗಾರ್ಸೈಡ್‌ಗೆ ಮಾತ್ರ ಸಂತೋಷವಿರಲಿಲ್ಲ. ಆಕೆ ಆ ಶುಕ್ರವಾರ ನಿವೃತ್ತಳಾಗುವವಳು. ಹೋಗುವ ಮೊದಲು ಒಂದೇ ಒಂದು ಚೀಟಿಯನ್ನು ತಿದ್ದಿಸಬೇಕೆಂಬುದು ಅವಳ ಹಟ. ಬಿಷಪ್ಪರೊಬ್ಬರ ಹೊಟ್ಟೆಯನ್ನು ಹದಿನಾರು ಪುಟ ಗೇಲಿ ಮಾಡಿದ, 1594ರ ಒಂದು ಕಿರುಹೊತ್ತಗೆ. ಅದರ ಮೇಲೆ ಹೆಸರಿಲ್ಲ. ‘ಈಲ್ ಓಣಿಯ ಮೂರು ಮೀನಿನ ಚಿತ್ರದ ಹಲಗೆಯ ಅಂಗಡಿಯಲ್ಲಿ ಸಿಗುತ್ತದೆ’ ಎಂದಷ್ಟೇ ಇದೆ. ಚೀಟಿಯಲ್ಲಿ ಜೆರೋಮ್ ಪೆಲಿಂಗ್ ಎಂದು ಬರೆದಿತ್ತು. ಮೊದಲ ಪುಟದ ಅಲಂಕಾರದ ದೊಡ್ಡಕ್ಷರದ ಮುಕ್ಕಾದ ಮೂಲೆಯನ್ನು ಭೂತಗನ್ನಡಿಯಲ್ಲಿ ಇಪ್ಪತ್ತೊಂಬತ್ತು ವರ್ಷ ನೋಡಿ, ಅದೇ ಮುಕ್ಕು ಬೇರೆಲ್ಲಿದೆ ಎಂದು ನೂರಾರು ಪುಸ್ತಕಗಳ ಜೊತೆ ಹೋಲಿಸಿ, ಮುದ್ರಿಸಿದ್ದು ಜೆರೋಮನ ಹೆಂಡತಿ ಆಗ್ನೆಸ್ ಎಂದು ಮಾವಿಸ್ ಸಾಬೀತು ಮಾಡಿದ್ದಳು. ಗಂಡ ಸತ್ತ ಮೇಲೆ ಆ ಹೆಂಗಸು ಒಬ್ಬಳೇ ಅಚ್ಚುಕೂಟ ನಡೆಸಿದ್ದಳು. ಪಾಪ, ಅವಳ ಹೆಸರು ಇಡೀ ಲೋಕದಲ್ಲಿ ಒಂದು ಚೀಟಿಯ ಮೇಲೂ ಇರಲಿಲ್ಲ.

“ಗಂಡ ತೀರಿಕೊಂಡಿದ್ದು ತೊಂಬತ್ತೊಂದರಲ್ಲಿ ಸಾರ್. ಇದು ಅಚ್ಚಾಗಿದ್ದು ತೊಂಬತ್ನಾಲ್ಕರಲ್ಲಿ,” ಎಂದಳು ನಿರ್ದೇಶಕ ಕ್ಲೈವ್ ಥ್ವೇಟ್ ಎದುರು ನಿಂತು.

“ಸತ್ತಿದ್ದೇ ಅಡ್ಡಿ ಅನ್ನೋದಾದ್ರೆ ಜಾನ್ ಆಶ್ ಗತಿ ಏನಮ್ಮ?” ಎಂದರು ಥ್ವೇಟ್. “ಇರ್ಲಿ. ನಿಯಮ ಹದಿನಾಲ್ಕು ನೋಡಿ. ಕರ್ತೃತ್ವ ಬದಲಾಯಿಸೋಕೆ ಮುಂಚೆ ಮುದ್ರಕರನ್ನ ಲಿಖಿತವಾಗಿ ವಿಚಾರಿಸ್ಬೇಕು.”

“ನಾನೂರು ವರ್ಷದ ಹಿಂದಿನವರನ್ನಾ?”

“ವಯಸ್ಸಿನ ಮಿತಿ ಹಾಕಿಲ್ಲ. ವಿಳಾಸ ಪುಸ್ತಕದ ಮೇಲೇ ಇದೆಯಲ್ಲ, ರಿಜಿಸ್ಟರ್ಡ್ ಪೋಸ್ಟ್ ಮಾಡಿಸಿ.”

ಪತ್ರ ಹೋಯಿತು. ಈಲ್ ಓಣಿಯ ಆ ಜಾಗದಲ್ಲಿ ಈಗ ಬೇಕನ್ ಎಂಬ ಹುರಿದ ಹಂದಿಮಾಂಸ ಇಟ್ಟ ಬನ್ನು, ಚಹಾ ಮಾರುವ ಅಂಗಡಿಯಿತ್ತು. ಮೂರನೇ ದಿನ, ಎಣ್ಣೆ ಕಲೆಯಾದ ಹಾಳೆಯಲ್ಲಿ ಉತ್ತರ ಬಂತು: “ನಾನು ಯಾವ ಬಿಷಪ್ಪರ ಬಗ್ಗೆಯೂ ಏನನ್ನೂ ಅಚ್ಚು ಹಾಕಿಲ್ಲ. ಅಂಥ ಯಂತ್ರ ನನ್ನ ಹತ್ತಿರ ಇಲ್ಲ. ಇನ್ನೊಂದು ಸಲ ಬರೆದರೆ ಚೆನ್ನಾಗಿರುವುದಿಲ್ಲ. ಡೋರೀನ್ ಸ್ಕೆಗ್ಸ್.”

ಗುರುವಾರ ಬೆಳಿಗ್ಗೆ ಮಂಡಳಿಯು ತುರ್ತು ಸಭೆ ಸೇರಿ ಈ ಪತ್ರವನ್ನು ಎರಡು ಬಾರಿ ಓದಿಸಿ ಕೇಳಿತು. ಆ ಕಾಲದಲ್ಲಿ ಪರವಾನಗಿಯಿಲ್ಲದೆ ಬಿಷಪ್ಪರನ್ನು ಬೈದು ಅಚ್ಚು ಹಾಕಿದವರ ಯಂತ್ರವನ್ನು ಒಡೆದುಹಾಕುತ್ತಿದ್ದರು. ಆದ್ದರಿಂದ ನಿಜವಾದ ಮುದ್ರಕರು ‘ನಾನಲ್ಲ’ ಎಂದೇ ಹೇಳುವರು, ಯಂತ್ರವನ್ನೂ ಬಚ್ಚಿಡುವರು. ಇದಕ್ಕಿಂತ ಗಟ್ಟಿಯಾದ ಸಾಕ್ಷಿ ಮಂಡಳಿಯ ಇತಿಹಾಸದಲ್ಲೇ ಸಿಕ್ಕಿರಲಿಲ್ಲ. ಜೆರೋಮ್ ಪೆಲಿಂಗ್ ಇದುವರೆಗೂ ನಿರಾಕರಿಸದಿರುವುದರಿಂದ ಅವನು ನಿರ್ದೋಷಿ. ಆಗ್ನೆಸ್ ಪೆಲಿಂಗ್ ಉತ್ತರವನ್ನೇ ಕೊಟ್ಟಿಲ್ಲ. ಮುದ್ರಕರು ಡೋರೀನ್ ಸ್ಕೆಗ್ಸ್ ಎಂದು ನಿರ್ಣಯವಾಯಿತು.

“ಅಯ್ಯೋ, ಆಕೆ ಬನ್ನು ಮಾರೋಳು!” ಎಂದು ಮಾವಿಸ್ ಕೂಗಿಯೇ ಬಿಟ್ಟಳು.

“ಕಸುಬು ಬದಲಾಯಿಸಿರಬಹುದು,” ಎಂದರು ಥ್ವೇಟ್. “ನಾನೂರು ವರ್ಷ ಒಂದೇ ಕೆಲಸ ಮಾಡೋಕಾಗುತ್ತಾ? ನಿಮಗೇ ಇಪ್ಪತ್ತೊಂಬತ್ತಕ್ಕೆ ಸಾಕಾಗಿದೆ.”

ಮಾವಿಸ್ ಮಧ್ಯಾಹ್ನ ಕ್ಷಮೆ ಕೇಳಲೆಂದು ಈಲ್ ಓಣಿಗೆ ಹೋಗಿ ತಾನು ಯಾರೆಂದು ಹೇಳಿದಳು.

“ಓ, ಕಾಗದ ಬರೆದ ಮಹಾತಾಯಿ ನೀವೇನಾ?” ಡೋರೀನ್ ಬಾಣಲೆ ಬಿಟ್ಟು ಕದಲಲಿಲ್ಲ. “ನಿಮಗೆ ಬೇರೆ ಕೆಲ್ಸ ಇಲ್ವಾ?”

“ನಾಳೆ ಆದ್ಮೇಲೆ ಇಲ್ಲ.”

ಡೋರೀನ್ ನಕ್ಕು ಒಂದು ಲೋಟ ಚಹಾ ತಂದಿಟ್ಟಳು. ಮಾವಿಸ್ ಆಗ್ನೆಸಳ ಕಥೆಯನ್ನೆಲ್ಲ ಹೇಳಿದಳು. ಡೋರೀನ್ ಬೇಕನ್ ತಿರುವುವುದನ್ನು ನಿಲ್ಲಿಸಿ ಕೇಳಿದಳು.

“ನಮ್ಮೆಜಮಾನ್ರು ಹೋಗಿ ಆರು ವರ್ಷ ಆಯ್ತು ಕಣ್ರೀ. ಐದು ಗಂಟೆಗೆ ಎದ್ದು ಒಲೆ ಹಚ್ಚೋಳು ನಾನು. ಬ್ರೆಡ್ಡಿನವನು, ನಗರಸಭೆಯವನು, ಎಲ್ರೂ ಬರೆಯೋದು ಇವತ್ತಿಗೂ ಅವರ ಹೆಸರಿಗೇ. ಹೋಗಿದಾರೆ ಅಂದ್ರೆ, ಅವರ ಸಹಿ ತನ್ನಿ ಅಂತಾರೆ. ನನ್ನ ಹೆಸರಿಗೆ ಅಂತ ಬಂದ ಮೊದಲ್ನೇ ಸರ್ಕಾರಿ ಕಾಗದ ಅಂದ್ರೆ ನಿಮ್ದೇ. ಅದಕ್ಕೇ ಹರಿದು ಹಾಕ್ಲಿಲ್ಲ.”

ಪತ್ರದ ಮೇಲೆ ‘ಮುದ್ರಕರಿಗೆ’ ಎಂದಷ್ಟೇ ಇತ್ತು. ಮಾವಿಸ್ ಅದನ್ನು ಹೇಳಲಿಲ್ಲ.

ಶುಕ್ರವಾರ ಹೊಸ ಚೀಟಿ ಅವಳ ಸಹಿಗೆ ಬಂತು. ಸೂಚಿಗಾರ್ತಿಯ ಸಹಿ ಇಲ್ಲದೆ ಚೀಟಿ ಊರ್ಜಿತವಲ್ಲ. ಮಾರ್ಚ್ ಮೂವತ್ತೊಂದು ಅಂದೇ ಆಗಿತ್ತು.

“ಒಂದು ಪದ ಸೇರಿಸಿದ್ರೆ ಸಹಿ ಹಾಕ್ತೀನಿ,” ಎಂದಳು. “ವಿಧವೆ ಅಂತ.” ಆಗ್ನೆಸಳಿಗೂ ಡೋರೀನಳಿಗೂ ನಿಜವಾಗುವ ಪದ ಅದೊಂದೇ ಆಗಿತ್ತು.

“ಪುರಾವೆ?”

“ಅವರೇ ಹೇಳಿದ್ರು.”

ಥ್ವೇಟ್ ಮುಖ ಸಣ್ಣದಾಯಿತು. “ಅವರೇ ಒಪ್ಕೊಂಡ್ರಾ? ಹಾಗಾದ್ರೆ ಅನುಮಾನ. ಈ ಮಂಡಳಿ ನಿರಾಕರಣೆಯನ್ನ ಮಾತ್ರ ನಂಬುತ್ತೆ.”

ಮಾವಿಸ್ ಇಪ್ಪತ್ತೊಂಬತ್ತು ವರ್ಷದಲ್ಲಿ ಒಂದು ಸುಳ್ಳನ್ನೂ ಕಡತಕ್ಕೆ ಸೇರಿಸಿದವಳಲ್ಲ. “ಇಲ್ಲ ಸಾರ್, ತಪ್ಪು ಹೇಳ್ದೆ,” ಎಂದಳು ಕಣ್ಣು ಮಿಟುಕಿಸದೆ. “ನೀವು ವಿಧವೇನಾ ಅಂತ ಕೇಳ್ದೆ. ಗಂಡ ಅಲ್ಲೇ ಹಿಂದುಗಡೆ ಪಾತ್ರೆ ತೊಳೀತಿದ್ದಾನೆ, ನಿನಗ್ಯಾಕೆ ಅಂದ್ರು.”

“ಮತ್ತೆ ಮೊದ್ಲೇ ಹೇಳ್ಬಾರ್ದಾ!” ಎಂದು ಥ್ವೇಟ್ ಪದವನ್ನು ತಮ್ಮ ಕೈಯಾರೆ ಬರೆದರು. ಸಭೆ ಮೇಜು ಕುಟ್ಟಿ ಅನುಮೋದಿಸಿತು. ಮಾವಿಸ್‌ಗೆ ಹೂಗುಚ್ಛವನ್ನೂ, ಜಾನ್ ಆಶ್‌ನ ಭಾವಚಿತ್ರವನ್ನೂ ಕೊಟ್ಟು ಬೀಳ್ಕೊಟ್ಟರು.

ಈಗ ಆ ಚೀಟಿಯಲ್ಲಿ ‘ಮುದ್ರಕರು: ಡೋರೀನ್ ಸ್ಕೆಗ್ಸ್, ವಿಧವೆ, 1594’ ಎಂದಿದೆ. ವಿದ್ವಾಂಸರು ಈಲ್ ಓಣಿಗೆ ಹೋಗಿ ಸಾಲಿನಲ್ಲಿ ನಿಂತು ಸಂದರ್ಶನ ಮಾಡುತ್ತಾರೆ. ಡೋರೀನ್ ಎಲ್ಲವನ್ನೂ ನಿರಾಕರಿಸುತ್ತಾಳೆ. ಅವರು ಬರೆದುಕೊಂಡು ಬನ್ನು ತಿಂದು ಹೋಗುತ್ತಾರೆ. ಚೀಟಿಯ ಪ್ರತಿಯನ್ನು ತೋರಿಸಿದ ಮೇಲೆ ನಗರಸಭೆಯೂ ಅಂಗಡಿಯನ್ನು ಅವಳ ಹೆಸರಿಗೆ ಮಾಡಿಕೊಟ್ಟಿದೆ, 1594ರಿಂದ ಜಾರಿಗೆ ಬರುವಂತೆ.

ಮಾವಿಸ್ ಮಂಗಳವಾರಕ್ಕೊಮ್ಮೆ ಅಲ್ಲಿಗೆ ಹೋಗುತ್ತಾಳೆ. ಆಗ್ನೆಸ್ ಅಂತ ಯಾರೋ ಇದ್ದಳಂತಲ್ಲ ಎಂದು ಹೊಸ ವಿದ್ವಾಂಸರು ಯಾರಾದರೂ ಕೇಳಿದರೆ, “ಛೆ ಛೆ, ಅಂಥವಳು ಯಾರೂ ಇರಲೇ ಇಲ್ಲ, ಅವಳೇನೂ ಅಚ್ಚು ಹಾಕೇ ಇಲ್ಲ,” ಎಂದು ಗಟ್ಟಿಯಾಗಿ ಹೇಳುತ್ತಾಳೆ. ಅವರು ತಕ್ಷಣ ಪೆನ್ನು ತೆಗೆಯುತ್ತಾರೆ.