ಸೊಂಟ ಹಿಡಿದವನ ಮನಸ್ಸಾಕ್ಷಿ

ಎಲ್ಲ ರಾದ್ಧಾಂತಕ್ಕೂ ಮೂಲ ಒಂದು ಕಾಲುಚೀಲ. ಅದು ಮಂಚದ ಕೆಳಗೆ ಸೇರಿಕೊಂಡಿತ್ತು. ಅಲ್ಪವಿರಾಮ ಬಗ್ಗಿ ಕೈ ಚಾಚಿದ. ಕಾಲುಚೀಲವೇನೋ ಸಿಕ್ಕಿತು, ಬಗ್ಗಿದ ಸೊಂಟ ಮಾತ್ರ ಮೇಲೇಳಲಿಲ್ಲ.

"ಲೇ, ಬಾರೇ ಇಲ್ಲಿ!" ಎಂದು ಮಂಚದ ಅಡಿಯಿಂದಲೇ ಕೂಗಿದ.

ಹೆಂಡತಿ ಸೌಟು ಹಿಡಿದುಕೊಂಡೇ ಬಂದಳು. "ಏನ್ರೀ ಹುಡುಕ್ತಿದ್ದೀರಾ?"

"ಹುಡುಕಿದ್ದು ಸಿಕ್ತು. ಈಗ ನಾನೇ ಸಿಕ್ಕಾಕ್ಕೊಂಡಿದ್ದೀನಿ."

ಅಲ್ಪವಿರಾಮ ಎಂಬುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಅವನು ಒಂದು ಅಚ್ಚಿನ ಮನೆಯಲ್ಲಿ ಪ್ರೂಫ್ ನೋಡುವವನು. ಹದಿನೆಂಟು ವರ್ಷ ಒಂದೇ ಕುರ್ಚಿಯಲ್ಲಿ, ಒಂದೇ ಮೇಜಿನ ಮೇಲೆ ಬಾಗಿ ಬಾಗಿ, ಬೆನ್ನು ಮೇಲಿನಿಂದ ಕೆಳಕ್ಕೆ ವಾಲಿ ಕಾಮಾದ ಆಕಾರಕ್ಕೆ ಬಂದಿತ್ತು. ಅದೂ ಅಲ್ಲದೆ ಎರಡು ಪುಟಕ್ಕೊಮ್ಮೆ ಕಣ್ಣು ಮುಚ್ಚಿ ಸಣ್ಣ ನಿದ್ದೆ ತೆಗೆಯುವುದು ಅವನ ಅಭ್ಯಾಸ. ಎರಡೂ ಕಾರಣಕ್ಕೆ ಹೆಸರು ಒಪ್ಪಿತು, ಉಳಿದೂ ಬಿಟ್ಟಿತು.

ಹೆಂಡತಿ ಒಂದು ರಟ್ಟೆ, ಅತ್ತೆ ಇನ್ನೊಂದು ರಟ್ಟೆ ಹಿಡಿದು, ಹಳೆಯ ಬೀರು ಸಾಗಿಸುವವರ ಹಾಗೆ ಅವನನ್ನು ಬೀದಿ ಕೊನೆಯ ಡಾಕ್ಟರಮ್ಮನ ಹತ್ತಿರ ತಂದರು. ಡಾಕ್ಟರಮ್ಮ ಬೆನ್ನನ್ನು ಅಲ್ಲಲ್ಲಿ ಒತ್ತಿ, ಅವನು ಅಲ್ಲಲ್ಲಿ ಕಿರುಚಿದ್ದನ್ನು ಕೇಳಿಸಿಕೊಂಡರು.

"ಮೂಳೆಗೆ ಏನೂ ಆಗಿಲ್ಲ. ಮೈ ಬಳಸದೆ ತುಕ್ಕು ಹಿಡಿದಿದೆ ಅಷ್ಟೆ. ನೋವಿಗೆ ಮಾತ್ರೆ ಕೊಡ್ತೀನಿ. ಆದ್ರೆ ಮಾತ್ರೆಯಿಂದ ವಾಸಿಯಾಗೋದಲ್ಲ ಇದು, ಯೋಗ ಮಾಡಬೇಕು. ಹಿಂದಿನ ಬೀದಿ ಹಾಲ್‌ನಲ್ಲಿ ಕಲಿಸ್ತಾರೆ. ಸಂಜೆ ತರಗತಿ ಭರ್ತಿ. ಬೆಳಿಗ್ಗೆ ಆರಕ್ಕೆ ಜಾಗ ಇದೆ. ನಾನೇ ಹೇಳಿಡ್ತೀನಿ."

ಬೆಳಿಗ್ಗೆ ಆರು ಗಂಟೆ ಎಂಬುದೊಂದಿದೆ ಎಂದು ಅಲ್ಪವಿರಾಮ ಪ್ರೂಫುಗಳಲ್ಲಿ ಓದಿ ಬಲ್ಲ. ಕಣ್ಣಾರೆ ಕಂಡವನಲ್ಲ.

"ನಾಳೆಯಿಂದ್ಲೇ ಬರ್ತಾರೆ ಡಾಕ್ಟ್ರೇ," ಎಂದಳು ಹೆಂಡತಿ.

ಮನೆಗೆ ಬರುವವರೆಗೂ ಅಲ್ಪವಿರಾಮ ನೆಪ ಹುಡುಕಿದ. ಚಳಿ ಎನ್ನೋಣವೆಂದರೆ ಬೇಸಿಗೆ. ದೂರ ಎನ್ನೋಣವೆಂದರೆ ಹಿಂದಿನ ಬೀದಿ. ಮನೆಯ ಬಾಗಿಲು ದಾಟುತ್ತಿದ್ದಾಗ ಗೋಡೆಯ ಮೇಲಿನ ಶಿಲುಬೆ ಕಣ್ಣಿಗೆ ಬಿತ್ತು. ಮುಳುಗುವವನಿಗೆ ದಡ ಕಂಡಂತಾಯಿತು.

"ಅಲ್ಲ ಕಣೇ, ನಾವು ಕ್ರೈಸ್ತರು. ಯೋಗ ಮಾಡಬಹುದಾ?"

ಹೆಂಡತಿ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಈ ಮನುಷ್ಯ ಭಾನುವಾರ ಚರ್ಚಿನಲ್ಲಿ ಕಡೆಯ ಬೆಂಚು ಹಿಡಿದು, ಪ್ರಸಂಗ ಶುರುವಾದಾಗ ಕಣ್ಣು ಮುಚ್ಚಿ, ಎಲ್ಲರೂ ಆಮೆನ್ ಅಂದಾಗ ಬೆಚ್ಚಿ ಏಳುವವನು.

"ಸೊಂಟ ಹಿಡಿದ್ರೆ ಭಕ್ತಿನೂ ಹಿಡಿಯುತ್ತಾ?"

"ತಮಾಷೆ ಅಲ್ಲ. ಅದು ಬೇರೆಯವರ ಸಾಧನೆಯ ದಾರಿ. ಅದಕ್ಕೆ ಮಂತ್ರ ಇದೆ, ಧ್ಯಾನ ಇದೆ. ನಾಳೆ ದೇವರು ಕೇಳಿದ್ರೆ ಸೊಂಟ ನೋಯ್ತಿತ್ತು ಅಂತ ಹೇಳಕ್ಕಾಗುತ್ತಾ? ನನ್ನ ಮನಸ್ಸಾಕ್ಷಿ ಒಪ್ಪಲ್ಲ."

ಹೆಂಡತಿ ನಗಲಿಲ್ಲ. ಕುರ್ಚಿ ಎಳೆದು ಅವನ ಎದುರು ಕೂತಳು. "ನಮ್ಮಪ್ಪನೂ ಹೀಗೇ ಒಂದಲ್ಲ ಒಂದು ಹೇಳ್ಕೊಂಡು ಕಾಲ ತಳ್ಳಿದ್ರು ರೀ. ಕೊನೆಗೆ ಮಂಚ ಹಿಡಿದು ನಾಲ್ಕು ವರ್ಷ ಏಳಲಿಲ್ಲ. ನಿಮ್ಮನ್ನ ಹಾಗೆ ನೋಡೋ ಶಕ್ತಿ ನನಗಿಲ್ಲ. ಸಂಜೆ ಫಾದರ್ ಹತ್ರ ಹೋಗೋಣ. ಅವರು ಮಾಡಬಹುದು ಅಂದ್ರೆ ಮಾಡ್ತೀರಾ?"

ಒಂದು ಗಳಿಗೆ ಅವನಿಗೆ ನಾಚಿಕೆಯಾಯಿತು. ಬೆಳಿಗ್ಗೆ ಆರು ಗಂಟೆ ನೆನಪಾದೊಡನೆ ಹೋಯಿತು. "ಬೇಡ ಅಂದ್ರೆ ನೀನು ಸುಮ್ನಿರ್ತೀಯಾ?"

"ಆಗಲಿ."

ಅಷ್ಟರಲ್ಲಿ ಅತ್ತೆ ಅಡುಗೆಮನೆಯಿಂದ ಕಣ್ಣೊರೆಸಿಕೊಳ್ಳುತ್ತ ಬಂದರು. ಈರುಳ್ಳಿ ಅಲ್ಲ, ಆನಂದಬಾಷ್ಪ. "ಇಷ್ಟು ವರ್ಷ ನಿಮ್ಮನ್ನ ತಪ್ಪು ತಿಳ್ಕೊಂಡಿದ್ದೆ ಅಳಿಯಂದಿರೇ. ನೋವಿನಲ್ಲೂ ವಿಶ್ವಾಸ ಬಿಡದಿರೋದು ಅಂದ್ರೆ ಸಾಮಾನ್ಯಾನಾ?" ಎಂದವರೇ, ಈ ಸುದ್ದಿಯನ್ನು ಹೊಟ್ಟೆಯಲ್ಲಿಟ್ಟುಕೊಳ್ಳಲಾರದೆ ಪಕ್ಕದ ಮನೆಗೆ ನಡೆದೇ ಬಿಟ್ಟರು.

ಪಕ್ಕದ ಮನೆಯಲ್ಲಿದ್ದವರು ನಿವೃತ್ತ ಡ್ರಿಲ್ ಮೇಷ್ಟ್ರು. ಅದೇ ಚರ್ಚಿನ ಮೊದಲ ಬೆಂಚಿನ ಗಿರಾಕಿ. ಮಂಡಿ ನೋವಿಗೆಂದು ಯೋಗ ಹಿಡಿದು ಎಷ್ಟೋ ವರ್ಷವಾಗಿತ್ತು. ಅಲ್ಪವಿರಾಮ ಮಾತ್ರೆ ನುಂಗಿ, ಸೊಂಟಕ್ಕೆ ಪಟ್ಟಿ ಬಿಗಿದು ಕೆಲಸಕ್ಕೆ ಹೊರಟಾಗ ಗೇಟಿನಲ್ಲಿ ಅಡ್ಡ ನಿಂತಿದ್ದರು.

"ಏನಪ್ಪಾ, ಯೋಗ ಮಾಡೋರು ಕ್ರೈಸ್ತರಲ್ವಂತೆ? ಹಾಗಾದ್ರೆ ನಾನು ನರಕಕ್ಕೆ ಹೋಗ್ತೀನೋ?"

"ಅಯ್ಯೋ ಮೇಷ್ಟ್ರೇ, ನಾನು ನಿಮ್ಮ ವಿಷಯ ಎತ್ತಲೇ ಇಲ್ಲ."

"ಎತ್ತೋದೇನು ಬಂತು? ನಿಮ್ಮತ್ತೆ ನನ್ನ ಕೈಗೆ ಜಪಸರ ಕೊಟ್ಟು, ಇನ್ನೂ ಕಾಲ ಮಿಂಚಿಲ್ಲ ಅಂತ ಹೇಳಿ ಹೋದ್ರು!"

ಮೇಷ್ಟ್ರು ಬಿಡಲಿಲ್ಲ. ಮುಖ್ಯರಸ್ತೆಯವರೆಗೂ ವಾದ, ಬಸ್ಸಿನಲ್ಲೂ ವಾದ. ಅಲ್ಪವಿರಾಮ ಇಳಿದರೆ ಅವರೂ ಇಳಿದರು. ಅಚ್ಚಿನ ಮನೆಯ ಬಾಗಿಲಲ್ಲಿ ನಿಂತು, ಶಾಲೆಯ ಮೈದಾನಕ್ಕೆಲ್ಲ ಕೇಳಿಸಿ ಪಳಗಿದ ಗಂಟಲಲ್ಲಿ, "ನಿಮ್ಮ ಪ್ರೂಫ್ ರೀಡರು ನನ್ನನ್ನ ಧರ್ಮಭ್ರಷ್ಟ ಅಂದಿದ್ದಾನೆ!" ಎಂದು ಸಾರಿ, ಬಂದ ದಾರಿಯಲ್ಲೇ ಹೋದರು.

ಮೆಷಿನ್‌ಮನ್ ಯಂತ್ರ ನಿಲ್ಲಿಸಿದ. ಮಾಲೀಕರು ಕನ್ನಡಕ ಹಣೆಗೇರಿಸಿ ಹೊರಬಂದರು.

"ಏನ್ರೀ ಅದು?"

ಅಲ್ಪವಿರಾಮ ಹೇಳಿದ. ಮಾಲೀಕರು ಕೇಳಿಸಿಕೊಂಡು ಗಂಭೀರರಾದರು. "ಒಳ್ಳೇದಾಯ್ತು ಈಗ್ಲೇ ಹೇಳಿದ್ದು. ಇವತ್ತು ನಿಮ್ಮ ಮೇಜಿನ ಮೇಲೆ ಇಟ್ಟಿರೋದೇ ಯೋಗದ ಪುಸ್ತಕ, ಮೂರು ಸಂಪುಟ. ಒಬ್ಬರ ನಂಬಿಕೆ ನೋಯಿಸೋ ಕೆಲಸ ನಾನು ಮಾಡಿಸಲ್ಲ. ನೀವು ಬೈಂಡಿಂಗ್‌ಗೆ ಹೋಗಿ ಅಚ್ಚಾದ ಹಾಳೆ ಮಡಿಸಿ."

"ಸಾರ್, ಓದೋದು ಬೇರೆ, ಮಾಡೋದು ಬೇರೆ..."

"ಬೇಡ ಬೇಡ. ಓದ್ತಾ ಓದ್ತಾ ಮನಸ್ಸು ಎಳೆಯುತ್ತೆ."

ಬೈಂಡಿಂಗ್ ವಿಭಾಗದಲ್ಲಿ ಕುರ್ಚಿಯಿಲ್ಲ. ನಿಂತು ಮಡಿಸಬೇಕು, ಮಡಿಸಿದ್ದನ್ನು ಬಗ್ಗಿ ಜೋಡಿಸಬೇಕು. ಒಂದೊಂದು ಸಲ ಬಗ್ಗಿದಾಗಲೂ ಅಲ್ಪವಿರಾಮನ ಸೊಂಟ ತುಕ್ಕು ಹಿಡಿದ ಗೇಟಿನಂತೆ ನರಳಿತು. ಅತ್ತ ಪ್ರೂಫು ನೋಡುವ ಹೊಣೆ ಮೆಷಿನ್‌ಮನ್ ತಲೆಗೆ ಬಿತ್ತು. ಅವನು ಉತ್ಸಾಹಿ. ಒಂದು ಪುಟದಲ್ಲಿ ಮನುಷ್ಯನೊಬ್ಬನ ಕಾಲು ಮೇಲಾಗಿ ತಲೆ ಕೆಳಗಾಗಿದ್ದು ಕಂಡು, ಯಾರೋ ಚಿತ್ರ ತಿರುವಿ ಇಟ್ಟಿದ್ದಾರೆಂದು ತಾನೇ ನೆಟ್ಟಗೆ ಮಾಡಿ ಅಚ್ಚಿಗೆ ಹಾಕಿದ.

ಮಧ್ಯಾಹ್ನ ಮಾಲೀಕರ ಕೂಗು ಕೇಳಿ ಎಲ್ಲರೂ ಓಡಿದರು. ಅಲ್ಪವಿರಾಮ ಗೋಡೆ ಹಿಡಿದುಕೊಂಡು ಹೋದ.

"ಶೀರ್ಷಾಸನ ಅಂತ ಬರೆದಿದೆ, ಇಲ್ಲಿ ನೋಡಿದ್ರೆ ತಲೆ ಮೇಲೆ ಕೈ ಹೊತ್ಕೊಂಡು ನಿಂತಿದ್ದಾನೆ! ಸಾಲ ಮಾಡಿ ಸೋತವನ ಹಾಗೆ!"

"ನನಗೇನು ಗೊತ್ತು ಸಾರ್, ತಪ್ಪಿದ್ರೆ ತಿದ್ದು ಅಂದ್ರಿ, ತಿದ್ದಿದೆ," ಎಂದ ಮೆಷಿನ್‌ಮನ್.

ಅಷ್ಟು ಹೊತ್ತಿಗೆ ರೀಮುಗಟ್ಟಲೆ ಕಾಗದ ಹಾಳಾಗಿತ್ತು. ಮೆಷಿನ್‌ಮನ್ನನ್ನು ಬಯ್ದು ಸಾಕಾದ ಮಾಲೀಕರು ಅಲ್ಪವಿರಾಮನ ಕಡೆ ತಿರುಗಿದರು. "ನಿಮ್ಮ ಫಾದರನ್ನ ಸರಿಯಾಗಿ ಕೇಳ್ಕೊಂಡು ಬನ್ನಿ. ತೊಂದರೆ ಇಲ್ಲ ಅಂದ್ರೆ ನಾಳೆ ನಿಮ್ಮ ಕುರ್ಚಿ ನಿಮಗೆ. ಬೇಡ ಅಂದ್ರೆ ಮೂರೂ ಸಂಪುಟ ಮುಗಿಯೋ ತನಕ ಬೈಂಡಿಂಗೇ."

ಸಂಜೆ ಚರ್ಚಿನ ಹಿಂದಿರುವ ಫಾದರ್ ಮನೆಗೆ ಮೆರವಣಿಗೆ ಹೊರಟಿತು. ಮುಂದೆ ಅತ್ತೆ, ಹಿಂದೆ ಹೆಂಡತಿಯ ಹೆಗಲು ಹಿಡಿದ ಅಲ್ಪವಿರಾಮ, ಎಲ್ಲರಿಗಿಂತ ಹಿಂದೆ, ತೀರ್ಪು ತನ್ನ ಕಿವಿಯಿಂದಲೇ ಕೇಳಬೇಕೆಂದು ಡ್ರಿಲ್ ಮೇಷ್ಟ್ರು.

ವಯಸ್ಸಾದ ಫಾದರ್ ಹಿತ್ತಲಲ್ಲಿ ಗಿಡಕ್ಕೆ ನೀರು ಹಾಕುತ್ತಿದ್ದರು. ನಾಲ್ಕು ಬಾಯಿಯಿಂದ ಒಟ್ಟಿಗೇ ಹೊರಟ ಕತೆಯನ್ನು ತಾಳ್ಮೆಯಿಂದ ಕೇಳಿ, ನೀರಿನ ಡಬ್ಬ ಕೆಳಗಿಟ್ಟು, ಮೊದಲು ಮೇಷ್ಟ್ರನ್ನು ಕೇಳಿದರು: "ಯೋಗ ಮಾಡುವಾಗ ನೀವು ಯಾರನ್ನ ನೆನೀತೀರಿ ಮೇಷ್ಟ್ರೇ?"

ಮೇಷ್ಟ್ರು ಯೋಚಿಸಿದರು. "ನಿಜ ಹೇಳ್ಲಾ ಫಾದರ್? ಮಂಡಿಯನ್ನ. ತೀರ ನೋವಾದಾಗ ಅಯ್ಯೋ ಯೇಸುವೇ ಅಂತ ಕೂಗ್ತೀನಿ."

"ಮಂತ್ರ?"

"ಅವರು ಹೇಳ್ತಾರೆ. ಆ ಹೊತ್ತಲ್ಲಿ ನಾನು ನಮ್ಮ ಚರ್ಚಿನ ಪರಲೋಕ ಮಂತ್ರ ಹೇಳ್ಕೋತೀನಿ. ಯಾರೂ ಬೇಡ ಅಂದಿಲ್ಲ."

ಫಾದರ್ ತಲೆಯಾಡಿಸಿದರು. "ನಮ್ಮಲ್ಲೇ ಎರಡು ಮಾತಿದೆ. ಕೆಲವರು ಅದು ಬರೀ ವ್ಯಾಯಾಮ, ಮೈ ಕೊಟ್ಟವನೂ ದೇವರೇ, ಅದನ್ನ ನೋಡ್ಕೊಳ್ಳೋದ್ರಲ್ಲಿ ತಪ್ಪೇನು ಅಂತಾರೆ. ಇನ್ನು ಕೆಲವರು ಆಸನ, ಧ್ಯಾನ, ಅದರ ಹಿಂದಿರೋ ನಂಬಿಕೆ ಎಲ್ಲ ಒಂದೇ ದಾರ, ಬಿಡಿಸಕ್ಕಾಗಲ್ಲ, ದೂರ ಇರೋದು ಮೇಲು ಅಂತಾರೆ. ನಾನು ನೋಡೋದು ಮನಸ್ಸು ಎಲ್ಲಿಗೆ ಹೋಗುತ್ತೆ ಅಂತ. ಮೇಷ್ಟ್ರ ಮನಸ್ಸು ಮಂಡಿ ಬಿಟ್ಟು ಕದಲಿಲ್ಲ. ಅವರು ಧಾರಾಳವಾಗಿ ಮಾಡಲಿ."

ಮೇಷ್ಟ್ರು ಎದೆಯುಬ್ಬಿಸಿ ಅತ್ತೆಯ ಕಡೆ ನೋಡಿದರು. ಅತ್ತೆ ಗಿಡದ ಕಡೆ ನೋಡಿದರು.

"ಆದ್ರೆ ಮನಸ್ಸಾಕ್ಷಿ ಚುಚ್ಚುತ್ತಿರೋನಿಗೆ ಮಾಡು ಅಂತ ನಾನು ಒತ್ತಾಯ ಮಾಡಲ್ಲ. ಅವನಿಗೆ ಅದು ತಪ್ಪೇ." ಫಾದರ್ ಅಲ್ಪವಿರಾಮನ ಮುಖಕ್ಕೆ ಕಣ್ಣಿಟ್ಟರು. "ನೀವು ಹೇಳಿ. ನಿಜವಾಗ್ಲೂ ಚುಚ್ಚುತ್ತಾ?"

ಎಲ್ಲರೂ ಅವನನ್ನೇ ನೋಡಿದರು. ಇಲ್ಲ ಎಂದರೆ ಕುರ್ಚಿ ಉಳಿಯುತ್ತದೆ, ನಿದ್ದೆ ಹೋಗುತ್ತದೆ. ಹೌದು ಎಂದರೆ ನಿದ್ದೆ ಉಳಿಯುತ್ತದೆ, ಬೈಂಡಿಂಗ್ ಕಾಯುತ್ತದೆ. ಹೆಂಡತಿಯ ಕೈ ಅವನ ಬೆನ್ನ ಮೇಲಿತ್ತು. ಇಲ್ಲ ಅನ್ನಿ, ಇಲ್ಲ ಅನ್ನಿ ಎಂದು ಆ ಕೈ ಹೇಳುತ್ತಿರುವುದು ಅಂಗಿಯ ಮೇಲಿನಿಂದಲೂ ತಿಳಿಯುತ್ತಿತ್ತು. ಅಲ್ಪವಿರಾಮ ಲೆಕ್ಕ ಹಾಕಿದ. ಮೂರು ಸಂಪುಟ ಎಂದಾದರೂ ಮುಗಿದೀತು. ಬೆಳಗಿನ ನಿದ್ದೆ ಜೀವಮಾನದ ಮಾತು.

"ಚುಚ್ಚುತ್ತೆ ಫಾದರ್. ತುಂಬಾ ಚುಚ್ಚುತ್ತೆ."

ಬೆನ್ನ ಮೇಲಿನ ಕೈ ಜಾರಿತು.

"ಹಾಗಾದ್ರೆ ಬೇಡ ಬಿಡಿ," ಎಂದರು ಫಾದರ್.

ಅಲ್ಪವಿರಾಮನಿಗೆ ಕುಣಿಯುವಷ್ಟು ಸಂತೋಷವಾಯಿತು. ಸೊಂಟ ಬಿಡಲಿಲ್ಲ. ಅವನು ಕೈಮುಗಿದು ತಿರುಗುವಷ್ಟರಲ್ಲಿ ಫಾದರ್ ಕರೆದರು.

"ನಿಲ್ಲಿ. ಇಷ್ಟು ಸೂಕ್ಷ್ಮ ಮನಸ್ಸಾಕ್ಷಿ ಇರೋರು ನಮ್ಮಲ್ಲಿ ಇದ್ದಾರೆ ಅಂತ ಗೊತ್ತೇ ಇರಲಿಲ್ಲ. ಗಂಟೆ ಹೊಡೀತಿದ್ದ ಮುದುಕಪ್ಪ ಮಗಳ ಮನೆ ಸೇರಿದ ಮೇಲೆ ಬೆಳಗಿನ ಪೂಜೆಗೆ ಚರ್ಚಿನ ಗಂಟೆನೇ ಆಗ್ತಿಲ್ಲ. ಈ ಪುಣ್ಯ ನಿಮಗೇ ಇರಲಿ. ಹಗ್ಗ ಹಗುರ, ಸೊಂಟಕ್ಕೆ ಭಾರ ಬೀಳಲ್ಲ. ದಿನಾ ಕೈ ಮೇಲೆತ್ತಿ ಎಳೆದ್ರೆ ಮೈಯೂ ಸಡಿಲ ಆಗುತ್ತೆ."

"ಎಷ್ಟು... ಎಷ್ಟು ಗಂಟೆಗೆ ಫಾದರ್?"

"ಐದಕ್ಕೆ ಬಂದ್ರೆ ಸಾಕು."

"ಖಂಡಿತ ಬರ್ತಾರೆ ಫಾದರ್!" ಎಂದು ಅತ್ತೆ ಕೈಜೋಡಿಸಿದರು. "ನಾನೇ ಎಬ್ಬಿಸಿ ಕರ್ಕೊಂಡು ಬರ್ತೀನಿ." ಫಾದರ್ ನಗಲಿಲ್ಲ. ನಗು ಬರುವ ಮೊದಲೇ ನೀರಿನ ಡಬ್ಬ ಎತ್ತಿಕೊಂಡು ಗಿಡದ ಕಡೆ ತಿರುಗಿದರು. ಹೆಂಡತಿಯ ಮುಖದಲ್ಲಿ ಮಾತ್ರ ಬೆಳಗಿನಿಂದ ಇಲ್ಲದ ನೆಮ್ಮದಿ ಕಂಡಿತು. ಗಂಡ ಹೇಗಾದರೂ ಮೈ ಅಲ್ಲಾಡಿಸಿದರೆ ಸಾಕಿತ್ತು ಅವಳಿಗೆ.

ಮನೆಗೆ ಹೋಗುವ ದಾರಿ ಹಿಂದಿನ ಬೀದಿಯದೇ. ಹಾಲ್‌ನಲ್ಲಿ ಸಂಜೆಯ ಯೋಗ ತರಗತಿ ನಡೆದಿತ್ತು. ಮೇಷ್ಟ್ರು ಗೆಲುವಿನ ಗತ್ತಿನಲ್ಲಿ, "ಇರಿ, ಟೀಚರಮ್ಮಂಗೆ ವಿಷಯ ಹೇಳಿ ಬರ್ತೀನಿ," ಎಂದು ಬಾಗಿಲು ತಳ್ಳಿದರು. ಉಳಿದವರೂ ಇಣುಕಿದರು.

ದೀಪ ಮಂದವಾಗಿತ್ತು. ನೆಲದ ತುಂಬ ಚಾಪೆ, ಚಾಪೆಯ ತುಂಬ ಜನ. ಎಲ್ಲರೂ ಅಂಗಾತ ಮಲಗಿ ಕಣ್ಣು ಮುಚ್ಚಿದ್ದರು. ಮೂಲೆಯಲ್ಲಿ ಒಬ್ಬ ದಪ್ಪನೆಯ ಮನುಷ್ಯ ಮೆಷಿನ್ ಓಡಿದಂತೆ ಗೊರಕೆ ಹೊಡೆಯುತ್ತಿದ್ದ. ಯಾರೂ ಅವನನ್ನು ಎಬ್ಬಿಸುತ್ತಿರಲಿಲ್ಲ.

"ಇದೇನು ಮೇಷ್ಟ್ರೇ? ಯೋಗ ಮುಗೀತಾ?" ಎಂದು ಅಲ್ಪವಿರಾಮ ಪಿಸುಗುಟ್ಟಿದ.

"ಮುಗಿಯೋದೇನು? ಇದೇ ಯೋಗ. ಶವಾಸನ."

ಟೀಚರಮ್ಮ ಬೆಕ್ಕಿನ ಹೆಜ್ಜೆಯಿಟ್ಟು ಬಾಗಿಲಿಗೆ ಬಂದರು. ಸೊಂಟ ಹಿಡಿದ ಭಂಗಿ ನೋಡಿಯೇ ಅವರಿಗೆ ಗುರುತಾಯಿತು. "ನೀವೇ ಅಲ್ವಾ ನಾಳೆಯಿಂದ ಬರೋರು? ಡಾಕ್ಟರಮ್ಮ ಹೇಳಿದ್ರು. ಏನೂ ಹೆದರ್ಕೋಬೇಡಿ. ಸೊಂಟ ಹಿಡಿದೋರಿಗೆ ಮೊದಲ ತಿಂಗಳು ನಾನು ಬೇರೆ ಯಾವ ಆಸನಾನೂ ಕೊಡಲ್ಲ. ಹೀಗೆ ಮಲಗಿಸ್ತೀನಿ, ಮಂಡಿ ಕೆಳಗೊಂದು ದಿಂಬು ಇಟ್ಟು ಚಾದರ ಹೊದಿಸಿ, ಕಿಟಕಿ ಮುಚ್ಚಿಬಿಡ್ತೀನಿ. ನಿದ್ದೆ ಬಂದ್ರೂ ಪರವಾಗಿಲ್ಲ."

ಅಲ್ಪವಿರಾಮ ಒಂದು ಹೆಜ್ಜೆ ಒಳಗಿಟ್ಟ. "ಟೀಚರಮ್ಮಾ, ನಾನು..."

"ಅವರು ಬರಲ್ಲಮ್ಮ," ಎಂದು ಅತ್ತೆ ಹೆಮ್ಮೆಯಿಂದ ಮುಂದೆ ಬಂದರು. "ನಮ್ಮ ಅಳಿಯಂದಿರಿಗೆ ಮನಸ್ಸಾಕ್ಷಿ ಇದೆ."

ಆದರೂ ಅವನ ಕಣ್ಣು ಆ ಚಾಪೆಗಳಿಂದ ಕದಲದ್ದನ್ನು ಕಂಡು ಅವರಿಗೆ ಗಾಬರಿಯಾಯಿತು. ತಟ್ಟನೆ ಅಂಗೈ ಅವನ ಕಣ್ಣಿಗೆ ಅಡ್ಡ ಹಿಡಿದು, "ನೋಡಬೇಡಿ ಅಳಿಯಂದಿರೇ, ಮನಸ್ಸು ಕೆಡುತ್ತೆ!" ಎಂದರು.

ಅದು ಆಗಲೇ ಪೂರ್ತಿ ಕೆಟ್ಟುಹೋಗಿತ್ತು.